ಬೆಳ್ಳಕ್ಕಿಗಳ ರಕ್ತ ಪರೀಕ್ಷೆಯೂ ಆಗಲಿ

ಮಾನ್ಯ ಸಂಪಾದಕರೇ,

2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೋಲಾರಕ್ಕೆ ಬಂತು. ಆಮೇಲೆ ನಮ್ಮ ನರಸಾಪುರದ ಕೆರೆಗೂ ಜೀವ ಬಂತು. ಬೆಳ್ಳಕ್ಕಿ, ಬಕ, ನೀರುಕಾಗೆ ಎಲ್ಲ ಬಂದಿವೆ. ನೋಡಲು ತುಂಬಾ ಖುಷಿ. ಆದರೆ ಸಂಜೆಯಾದರೆ ಸೊಳ್ಳೆಯೂ ಜಾಸ್ತಿ. ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿದ ನನಗೆ ಬಕ ಮತ್ತು ಸೊಳ್ಳೆ ಒಂದೇ ಕಡೆ ಕಂಡರೆ ಮೆದುಳು ಜ್ವರದ ಯೋಚನೆ ಬಂದೇ ಬರುತ್ತದೆ.

ಮೆದುಳು ಜ್ವರ ತರುವ ಈ ಜೆಇ (ಜಪಾನೀಸ್ ಎನ್ಸೆಫಲೈಟಿಸ್) ವೈರಸ್ ಇರುವುದು ಬಕ, ಬೆಳ್ಳಕ್ಕಿಗಳಲ್ಲಿ. ಗದ್ದೆ ನೀರಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಅದನ್ನು ಹಂದಿಗೆ, ಮಕ್ಕಳಿಗೆ ದಾಟಿಸುತ್ತದೆ. ಕೋಲಾರದ ಕಾಡುಹಕ್ಕಿಗಳಲ್ಲಿ ಜೆಇ, ಸೊಳ್ಳೆಯಿಂದಲೇ ಹರಡುವ ವೆಸ್ಟ್ ನೈಲ್ ಎಂಬ ಇನ್ನೊಂದು ವೈರಸ್, ಎರಡರ ಪ್ರತಿಕಾಯವೂ ಸಿಕ್ಕಿದೆ ಎಂದು ವಿಜ್ಞಾನಿಗಳು 2003ರಲ್ಲೇ ಬರೆದಿದ್ದಾರೆ. ಪ್ರತಿಕಾಯ ಅಂದರೆ ಹಿಂದೆ ಯಾವಾಗಲೋ ಸೋಂಕು ತಗಲಿತ್ತು ಅಂತ ಅಷ್ಟೇ. ಎರಡೂ ಒಂದೇ ಬಳಗದ ವೈರಸ್ ಆದ್ದರಿಂದ ಪ್ರತಿಕಾಯ ನೋಡಿ ಯಾವುದು ಅಂತ ಹೇಳುವುದೂ ಕಷ್ಟ. ವೈರಸ್ಸನ್ನೇ ನೇರವಾಗಿ ಹುಡುಕುವ ಆರ್‌ಟಿ-ಪಿಸಿಆರ್ ಪರೀಕ್ಷೆ ಮಾಡಿದರೆ ಈಗ ರಕ್ತದಲ್ಲಿ ಯಾವ ವೈರಸ್ ಓಡಾಡುತ್ತಿದೆ ಅಂತಲೇ ಗೊತ್ತಾಗುತ್ತದೆ.

ಹಕ್ಕಿಯ ರಕ್ತದ ಸ್ಯಾಂಪಲ್ ತೆಗೆಯುವುದು ದೊಡ್ಡ ಕೆಲಸವಲ್ಲ. ಕೋಳಿಗಳಲ್ಲಿ ನಾವು ಮಾಡುತ್ತಿದ್ದದ್ದೇ. ರೆಕ್ಕೆ ಬಿಡಿಸಿ, ಒಳಬದಿಯ ಪುಕ್ಕ ಸರಿಸಿ ಸ್ಪಿರಿಟ್ ಹಚ್ಚಿದರೆ ನೀಲಿ ನರ ಎದ್ದು ಕಾಣುತ್ತದೆ. ಸಣ್ಣ ಸೂಜಿಯಲ್ಲಿ ಸ್ವಲ್ಪ ರಕ್ತ ತೆಗೆದು, ಹತ್ತಿ ಒತ್ತಿ ಹಿಡಿದು ಬಿಟ್ಟರೆ ಹಕ್ಕಿ ಹಾರಿಹೋಗುತ್ತದೆ. ಸ್ಯಾಂಪಲ್ ಮಾತ್ರ ಐಸ್‌ನಲ್ಲೇ ಲ್ಯಾಬ್ ಸೇರಬೇಕು. ಹಕ್ಕಿಯ ರಕ್ತದಲ್ಲಿ ವೈರಸ್ ಇರುವುದು ಕೆಲವೇ ದಿನ. ಅದಕ್ಕೇ ಒಂದು ಸಲ ನೆಗೆಟಿವ್ ಬಂತು ಅಂತ ಸುಮ್ನೆ ಕೂರಬಾರದು, ಕೆರೆ ಅಂಚಿನ ಸೊಳ್ಳೆಗಳನ್ನೂ ಹಿಡಿದು ಪರೀಕ್ಷಿಸಬೇಕು.

ಈಗ ಹಕ್ಕಿ ಸತ್ತು ಬಿದ್ದರೆ ಮಾತ್ರ, ಅದೂ ಹಕ್ಕಿಜ್ವರದ ಭಯಕ್ಕೆ, ಸ್ಯಾಂಪಲ್ ಹೋಗುತ್ತದೆ. ಜೆಇ ತಗಲಿದ ಬೆಳ್ಳಕ್ಕಿಗೆ ಕಾಯಿಲೆಯೇ ಕಾಣುವುದಿಲ್ಲ. ಸಾಯಲಿ ಅಂತ ಕಾದರೆ ನಮಗೆ ಏನೂ ತಿಳಿಯುವುದಿಲ್ಲ, ಅಲ್ವಾ? ಹೆಬ್ಬಾಳದಲ್ಲಿ ಪಶು ಆರೋಗ್ಯ ಸಂಸ್ಥೆಯಿದೆ, ಯಲಹಂಕದಲ್ಲಿ ಪಶು ರೋಗಗಳ ಸಂಶೋಧನಾ ಸಂಸ್ಥೆ ನಿವೇದಿ ಇದೆ. ಎರಡೂ ನಮಗೆ ದೂರವೇನಲ್ಲ.

ಇದನ್ನು ಓದಿ ಯಾರೂ ಗೂಡಿರುವ ಮರ ಕಡಿಯುವುದು, ಹಕ್ಕಿ ಓಡಿಸುವುದು ಮಾಡಬೇಡಿ. ಓಡಿಸಿದರೆ ಅವು ಪಕ್ಕದ ಕೆರೆಗೆ ಹೋಗುತ್ತವೆ, ಸೊಳ್ಳೆ ಇಲ್ಲೇ ಇರುತ್ತದೆ. ಮಕ್ಕಳಿಗೆ ಜೆಇ ಲಸಿಕೆ ತಪ್ಪದೆ ಹಾಕಿಸಿ. ಪಶುಪಾಲನೆ, ಆರೋಗ್ಯ, ಅರಣ್ಯ ಮೂರೂ ಇಲಾಖೆಯವರು ಕೂತು ಮಾತಾಡಿ, ಕೆ.ಸಿ. ವ್ಯಾಲಿ ನೀರು ತುಂಬಿದ ಕೆರೆಗಳಲ್ಲಿ ಈ ಮಳೆಗಾಲದಿಂದಲೇ ಪರೀಕ್ಷೆ ಶುರು ಮಾಡಲಿ. ಫಲಿತಾಂಶವನ್ನು ಪಂಚಾಯಿತಿಗೂ ತಿಳಿಸಲಿ.

– ನಿವೃತ್ತ ಪಶು ಆಸ್ಪತ್ರೆ ನೌಕರ, ನರಸಾಪುರ, ಕೋಲಾರ ತಾಲ್ಲೂಕು