ಸೀರೆಯ ಹಿಂಬದಿ

ಇಳಕಲ್ಲ

ಚಿ. ಶಿವಲೀಲಾಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಪತ್ರ ಸಿಕ್ಕಿತು. ಮ್ಯೂಸಿಯಂನವರು ಒಂದು ಇಡೀ ಹಾಲ್ ಜೋಡಿಸುವ ಕೆಲಸ ನಿನಗೇ ಒಪ್ಪಿಸಿದ್ದಾರೆ ಅಂತ ತಿಳಿದು ಖುಷಿಯಾಯಿತು. ಅದರಲ್ಲಿ ಇಳಕಲ್ ಸೀರೆಯಿಂದ ಮಾಡಿದ ಕಲಾಕೃತಿಯೂ ಇದೆಯಂತೆ. ಈಗಿನ ಕಲೆ ನನಗೆ ಪೂರ್ತಿ ತಿಳಿಯುವುದಿಲ್ಲ. ಆದರೆ ನಲವತ್ತು ವರ್ಷ ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ತೋರಿಸಿದವನು ನಾನು. ನೋಡುವವರ ಕಣ್ಣು ಎಲ್ಲೆಲ್ಲಿ ಹೋಗುತ್ತದೆ ಅನ್ನುವುದು ಸ್ವಲ್ಪ ಗೊತ್ತು.

ನಮ್ಮ ಅಂಗಡಿಗೆ ಬಂದ ಹೆಂಗಸರು ಸೀರೆ ಕೈಗೆ ಸಿಕ್ಕ ಕೂಡಲೇ ಏನು ಮಾಡುತ್ತಿದ್ದರು, ನೆನಪಿದೆಯಾ? ಸೆರಗು ತಿರುವಿ ಹಿಂಬದಿ ನೋಡುತ್ತಿದ್ದರು. ಮೈಯ ಹಾಸನ್ನೂ, ಅಂದರೆ ಉದ್ದದ ಎಳೆಗಳನ್ನೂ, ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸಿರುತ್ತಾರಲ್ಲ, ಅಲ್ಲಿ ಬೆರಳಾಡಿಸುತ್ತಿದ್ದರು. ನೇಕಾರನ ಕೈ ತಿಳಿಯುವುದೇ ಅಲ್ಲಿ. ಅಂಥದ್ದನ್ನು ಗೋಡೆಗೆ ಒತ್ತಿ ತೂಗುಹಾಕಿದರೆ ಅರ್ಧ ಸೀರೆ ಮುಚ್ಚಿಟ್ಟ ಹಾಗೆ. ಗೋಡೆ ಬಿಟ್ಟು ಈಚೆ ತಾ. ಸುತ್ತ ಓಡಾಡಲು ಜಾಗ ಬಿಡು.

ನೀನು ಇಲ್ಲೇ ಮರೆತು ಹೋದ ಪುಸ್ತಕ ತಿರುವಿ ಹಾಕುತ್ತಿದ್ದೆ. ಬ್ರೆಜಿಲ್ ದೇಶದ ಸಾವೊ ಪಾಲೊ ಮ್ಯೂಸಿಯಂನಲ್ಲಿ ಲೀನಾ ಬೊ ಬಾರ್ದಿ ಅನ್ನುವ ವಾಸ್ತುಶಿಲ್ಪಿ 1968ರಲ್ಲಿ ಇದನ್ನೇ ಮಾಡಿದ್ದಾರೆ. ಕಾಂಕ್ರೀಟ್ ದಿಮ್ಮಿಯಲ್ಲಿ ಗಾಜಿನ ಹಲಗೆ ನಿಲ್ಲಿಸಿ, ಅದಕ್ಕೆ ಚಿತ್ರ ಸಿಕ್ಕಿಸಿದರು. ಸಂತೆಯಲ್ಲಿ ಜನ ನಿಂತ ಹಾಗೆ ಹಾಲ್ ತುಂಬ ಚಿತ್ರಗಳು. ಕಲಾವಿದನ ಹೆಸರು ಬೆನ್ನಿನ ಕಡೆ. ಮೊದಲು ಚಿತ್ರ ನೋಡು, ಹೆಸರು ಬೇಕಿದ್ದರೆ ಹಿಂದೆ ಬಾ! ನಡುವೆ ಯಾರೋ ಅದನ್ನೆಲ್ಲ ತೆಗೆಸಿದರು. 2015ರಲ್ಲಿ ಮತ್ತೆ ತಂದು ನಿಲ್ಲಿಸಿದರು. ನಮ್ಮ ಇಳಕಲ್ಲ ಹೆಂಗಸರಿಗೆ ಈ ಬುದ್ಧಿ ಮೊದಲೇ ಇತ್ತು, ಅಲ್ವಾ?

ಬೆಳಕಿನ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಪಡುವಣ ಕಿಟಕಿಯಲ್ಲಿ ಕೆಂಪು ರೇಷ್ಮೆ ಸೆರಗಿನ ಒಂದು ಸೀರೆಯನ್ನು ಬೇಸಿಗೆಯಿಡೀ ತೂಗುಹಾಕಿದ್ದೆ. ಮಡಿಕೆಯ ಹೊರಮೈ ಬಿಳಚಿಕೊಂಡಿತು, ಒಳಗಿನದು ಹಾಗೇ ಉಳಿಯಿತು. ಬಿಚ್ಚಿದರೆ ಪಟ್ಟೆ ಪಟ್ಟೆ. ನಿನ್ನ ಕಾಕು ಇವತ್ತಿಗೂ ಆಡಿಕೊಳ್ಳುತ್ತಾಳೆ. ಮ್ಯೂಸಿಯಂಗಳಲ್ಲಿ ಬಟ್ಟೆಗೆ, ಜಲವರ್ಣಕ್ಕೆ 50 ಲಕ್ಸ್, ತೈಲವರ್ಣಕ್ಕೆ 200 ಲಕ್ಸ್ ಅಂತ ಲೆಕ್ಕ ಹಿಡಿಯುತ್ತಾರೆ; ಲಕ್ಸ್ ಅಂದರೆ ಮೇಲೆ ಬೀಳುವ ಬೆಳಕಿನ ಅಳತೆ. ಹೋದ ಬಣ್ಣ ಆಮೇಲೆ ಕತ್ತಲಲ್ಲಿಟ್ಟರೂ ತಿರುಗಿ ಬರುವುದಿಲ್ಲ. ಆದರೆ 50 ಅಂದರೆ ಮಬ್ಬು. ಬಿಸಿಲಿನಿಂದ ಒಳಗೆ ಬಂದವರು ಏನೂ ಕಾಣದೆ ಗೊಣಗುತ್ತಾರೆ. ಕಣ್ಣು ಹೊಂದಿಕೊಳ್ಳಲು ನಡುವೆ ಒಂದು ಅರೆಬೆಳಕಿನ ದಾರಿ ಮಾಡು.

ದಾರಿ ಅಂದಾಗ ಬಾದಾಮಿ ನೆನಪಾಯಿತು. ಸಣ್ಣವಳಿದ್ದಾಗ ಮೂರನೇ ಗುಹೆಗೆ ನಿನ್ನನ್ನು ಕರೆದುಕೊಂಡು ಹೋಗಿದ್ದೆ. 578ರ ಶಾಸನ ಇರುವ ಗುಹೆ. ಶೇಷನ ಮೇಲೆ ಕೂತ ವಿಷ್ಣು ಅಲ್ಲಿ ಎದುರಿಗೇ ಸಿಗುವುದಿಲ್ಲ. ಮೆಟ್ಟಿಲು ಹತ್ತಿ ಪಡಸಾಲೆಗೆ ಬಂದು ಪಕ್ಕಕ್ಕೆ ತಿರುಗಬೇಕು. ಆಗ ತುದಿಯಲ್ಲಿ ಕಾಣುತ್ತಾನೆ. ನಡೆದಷ್ಟೂ ದೊಡ್ಡವನಾಗುತ್ತಾನೆ. ನೀನು ನನ್ನ ಕೈ ಬಿಟ್ಟು ಓಡಿದ್ದೆ. ದೊಡ್ಡ ಕೃತಿ ಬಾಗಿಲೆದುರೇ ಇರಬೇಕು ಅಂತ ಯಾರಾದರೂ ಹಠ ಹಿಡಿದರೆ ಆ ಓಟ ನೆನಪಿಸಿಕೋ.

ಚಿತ್ರದ ನಡುಭಾಗ ನೆಲದಿಂದ ಸುಮಾರು 145 ಸೆಂ.ಮೀ. ಇರಲಿ ಅನ್ನುವುದು ರೂಢಿ. ಸರಿಯೇ. ಆದರೆ ಪಕ್ಕದಲ್ಲಿ ಹೆಸರು, ವಿವರ ಬರೆದು ಅಂಟಿಸುವ ಚೀಟಿಗಳ ಮೇಲೆ ಜಾಸ್ತಿ ಕಣ್ಣಿಡು. ಹೋದ ವರ್ಷ ಒಂದು ಕಡೆ ನೋಡಿದೆ, ಮೊಣಕಾಲ ಮಟ್ಟದಲ್ಲಿ ಚೀಟಿ, ಬೂದು ಗೋಡೆಯ ಮೇಲೆ ಬೂದು ಅಕ್ಷರ. ಇಂಗ್ಲಿಷಿನ ಕೆಳಗೆ ಕನ್ನಡ ಇರುವೆ ಸಾಲಿನಂತೆ. ಬಗ್ಗಿ ಬಗ್ಗಿ ಸೊಂಟ ಹಿಡಿಯಿತು. ನಾಲ್ಕನೇ ಚಿತ್ರದಿಂದ ಓದುವುದನ್ನೇ ಬಿಟ್ಟೆ.

ಎರಡು ವಿಡಿಯೊ ಪಕ್ಕಪಕ್ಕ ಇಡುವ ಯೋಚನೆ ಇದೆ ಅಂದಿದ್ದೀಯ. ಗೋಳಗುಮ್ಮಟದಲ್ಲಿ ಈ ಕಡೆ ಪಿಸುಗುಟ್ಟಿದ್ದು ಆ ಕಡೆ ಕೇಳುವುದು ಚಂದ. ನಿನ್ನ ಹಾಲ್‌ನಲ್ಲಿ ಹಾಗಾದರೆ ಎರಡೂ ಕೆಟ್ಟವು. ನಡುವೆ ದಪ್ಪ ಪರದೆ, ಕೆಳಗೆ ಜಮಖಾನೆ ಹಾಕಿಸು. ಒಂದಕ್ಕೆ ಹೆಡ್‌ಫೋನ್ ಕೊಟ್ಟರೂ ಆದೀತು.

ಹಾಂ, ಆ ಕೋಣೆಯಲ್ಲಿ ಬೆನ್ನು ಆನಿಸುವಂಥ ಒಂದು ಬೆಂಚು ಇರಲಿ. ಇಪ್ಪತ್ತು ನಿಮಿಷದ ವಿಡಿಯೊವನ್ನು ನಿಂತು ನೋಡಲು ನನ್ನಿಂದಾಗದು. ಕಾಕುವನ್ನೂ ಕರೆತರುತ್ತೇನೆ. ಅವಳು ಬಂದವಳೇ ಸೀರೆಯ ಹಿಂಬದಿ ಮುಟ್ಟಲು ಹೋಗುತ್ತಾಳೆ, ನಿನ್ನ ಕಾವಲುಗಾರರಿಗೆ ಮೊದಲೇ ಹೇಳಿಡು.

ನಿನ್ನ ಕಾಕಾ