ಥರ್ಡ್ ಪಾರ್ಟಿ ವಿಮೆಯ ತಾರೀಖು ನೋಡಿ, ಆಮೇಲೆ ಗಾಡಿ ಹಿಡಿಯಿರಿ

ಮಾನ್ಯರೇ,

2025ರ ನವೆಂಬರ್ ತಿಂಗಳ ಎರಡನೇ ಶನಿವಾರ ಬೆಳಿಗ್ಗೆ 11 ಗಂಟೆ ಸುಮಾರಿಗೆ ನಮ್ಮ ಕಾರನ್ನು ಸಂಚಾರ ಪೊಲೀಸರು ಹಿಡಿದು ಠಾಣೆಯಲ್ಲಿ ನಿಲ್ಲಿಸಿಕೊಂಡರು. ವಿಮೆ ಮುಗಿದಿದೆ ಎಂಬುದು ಅವರು ಕೊಟ್ಟ ಕಾರಣ. ಆದರೆ ವಿಮೆ ಮುಗಿದಿರಲಿಲ್ಲ. ಅದು 2026ರ ಆಗಸ್ಟ್‌ವರೆಗೆ ಚಾಲ್ತಿಯಲ್ಲಿದೆ. ಕಾಗದ ಅಂದು ನನ್ನ ಕೈಯಲ್ಲೇ ಇತ್ತು, ತೋರಿಸಿಯೂ ತೋರಿಸಿದೆ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ನಾನು 31 ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ನಿವೃತ್ತಿಯಾದಾಗ ಬಂದ ದುಡ್ಡಿನಲ್ಲಿ ಸ್ವಲ್ಪ ತೆಗೆದು, 2023ರ ಆಗಸ್ಟ್‌ನಲ್ಲಿ ಒಂದು ಚಿಕ್ಕ ಕಾರು ತಗೊಂಡೆ. ಪೊಲೀಸರು ಕಾರು ಹಿಡಿದ ದಿನಕ್ಕೆ ನನ್ನ ಹೆಂಡತಿಗೆ ಮಂಡಿ ಆಪರೇಷನ್ ಆಗಿ ಐದು ವಾರ ಆಗಿತ್ತು. ವಾರಕ್ಕೆ ಮೂರು ದಿನ ಫಿಸಿಯೋಥೆರಪಿ. ಅಂದು ಅದನ್ನು ಮುಗಿಸಿಕೊಂಡು ಶ್ರೀನಗರದ ಮನೆಗೆ ವಾಪಸ್ ಬರುತ್ತಿದ್ದೆವು. ಒಂದು ಸರ್ಕಲ್ ಹತ್ತಿರ ಕೈ ತೋರಿಸಿ ನಿಲ್ಲಿಸಿದರು. ಡಿಎಲ್, ಆರ್‌ಸಿ, ಎಮಿಷನ್ ಸರ್ಟಿಫಿಕೇಟ್ ಎಲ್ಲ ಕೊಟ್ಟೆ. ಎಎಸ್‌ಐ ಮೆಷಿನ್‌ನಲ್ಲಿ ಕಾರಿನ ನಂಬರ್ ಹೊಡೆದು ನೋಡಿದರು. "ಇನ್ಶೂರೆನ್ಸ್ ಆಗಸ್ಟ್‌ಗೇ ಮುಗ್ದಿದೆಯಲ್ಲ ಯಜಮಾನ್ರೇ" ಅಂದರು.

ಇಲ್ಲೇ ತಪ್ಪಾದದ್ದು. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ನನ್ನೊಬ್ಬನ ಕಾರಿಗೆ ಮಾತ್ರ ಆಗುವಂಥ ತಪ್ಪಲ್ಲ.

ಸುಪ್ರೀಂ ಕೋರ್ಟಿನ ಆದೇಶದಿಂದಾಗಿ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರು ತಗೊಳ್ಳುವವರು ಒಂದೇ ಸಲಕ್ಕೆ 3 ವರ್ಷದ ಥರ್ಡ್ ಪಾರ್ಟಿ ವಿಮೆ ಮಾಡಿಸಲೇಬೇಕು. ಸ್ಕೂಟರು, ಬೈಕಿಗಾದರೆ 5 ವರ್ಷ. ಥರ್ಡ್ ಪಾರ್ಟಿ ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಪೆಟ್ಟಾದರೆ, ಸಾವಾದರೆ ಪರಿಹಾರ ಕೊಡುವ ವಿಮೆ. ಕಾಯ್ದೆ ಕಡ್ಡಾಯ ಮಾಡಿರುವುದು ಇದೊಂದನ್ನೇ. ನಮ್ಮ ಗಾಡಿಗೇ ಆಗುವ ಡ್ಯಾಮೇಜಿನ ವಿಮೆ ಬೇರೆ. ನಾನು ಕಾರು ತಗೊಂಡಾಗ ಅದನ್ನು ಒಂದು ವರ್ಷಕ್ಕೆ ಕೊಟ್ಟಿದ್ದರು. ಆಮೇಲೆ ವರ್ಷ ವರ್ಷ ಮಾಡಿಸುವುದು ಬಿಡುವುದು ನಮ್ಮ ಇಷ್ಟ. ಎರಡನೇ ವರ್ಷ ಮಾಡಿಸಿದ್ದೆ. ಮೂರನೇ ವರ್ಷ ಆಪರೇಷನ್‌ಗೆ ದುಡ್ಡು ಹೊಂದಿಸುವುದರಲ್ಲಿ ಬಿಟ್ಟೆ. ಕಾರಿಗೆ ಏನಾದರೂ ಆದರೆ ನಷ್ಟ ನನ್ನದು, ಅದು ಗೊತ್ತಿದ್ದೇ ಬಿಟ್ಟೆ.

ಹಾಗಾಗಿ ನನ್ನ ಹತ್ತಿರ ಎರಡು ಕಾಗದ ಇತ್ತು. ಒಂದು 2024ರದು, ಬರೀ ಡ್ಯಾಮೇಜಿನದು, ಅದು 2025ರ ಆಗಸ್ಟ್‌ಗೆ ಮುಗಿದಿತ್ತು. ಇನ್ನೊಂದು 2023ರ ಮೂಲ ಪಾಲಿಸಿ. ಅದರಲ್ಲಿ ಒಂದರ ಕೆಳಗೊಂದು ಎರಡು ಸಾಲು. ಮೇಲಿನ ಸಾಲಿನಲ್ಲಿ ಓನ್ ಡ್ಯಾಮೇಜ್, ಅಂದರೆ ನಮ್ಮ ಗಾಡಿಯ ಡ್ಯಾಮೇಜಿನದು, 2024ರ ಆಗಸ್ಟ್‌ವರೆಗೆ. ಕೆಳಗಿನ ಸಾಲಿನಲ್ಲಿ ಥರ್ಡ್ ಪಾರ್ಟಿ, 2026ರ ಆಗಸ್ಟ್‌ವರೆಗೆ. ನಾನು ಬೆರಳಿಟ್ಟು ತೋರಿಸಿದೆ. ಅವರು ಮೇಲುಗಡೆಯ ತಾರೀಖು ನೋಡಿ "ಇದು ಇನ್ನೂ ಹಳೇದು" ಅಂದು ಮಡಚಿ ಕೊಟ್ಟರು. "ಕೆಳಗಿನ ಸಾಲು ಓದಿ ಸಾರ್" ಅಂತ ಮೂರು ಸಲ ಹೇಳಿದೆ. "ಮೆಷಿನ್ ಸುಳ್ಳು ಹೇಳುತ್ತಾ?" ಅಂದರು. ಹಿಂದೆ ಗಾಡಿಗಳು ಸಾಲು ನಿಂತಿದ್ದವು, ಅವರಿಗೂ ಅವಸರ.

ನನ್ನ ಹೆಂಡತಿಯನ್ನು ಇಳಿಸಿದರು. ಅವಳು ಎಡಗಾಲು ನೆಲಕ್ಕೆ ಊರದೆ, ನನ್ನ ಹೆಗಲು ಹಿಡಿದುಕೊಂಡು ಫುಟ್‌ಪಾತಿನ ಅಂಚಿನಲ್ಲಿ ನಿಂತಳು. ಜ್ಯೂಸ್ ಅಂಗಡಿಯ ಹುಡುಗ ಒಂದು ಪ್ಲಾಸ್ಟಿಕ್ ಸ್ಟೂಲ್ ತಂದು ಹಾಕಿದ. ಆ ಗಡಿಬಿಡಿಯಲ್ಲಿ ಅವಳ ವಾಕರ್ ಕಾರಿನ ಡಿಕ್ಕಿಯಲ್ಲೇ ಉಳಿಯಿತು. ನೆನಪಾಗುವಷ್ಟರಲ್ಲಿ ಕಾರು ಹೋಗಿತ್ತು. ಆಟೋದಲ್ಲಿ ಮನೆಗೆ ಬಂದೆವು. ಆ ದಿನ, ಮಾರನೇ ದಿನ ಅವಳು ಬಚ್ಚಲಿಗೆ ಹೋಗಲು ಗೋಡೆ ಹಿಡಿದು ನಡೆದಳು. ರಾತ್ರಿ ಎರಡು ಗಂಟೆಗೆ ನನ್ನನ್ನು ಎಬ್ಬಿಸಬಾರದು ಅಂತ ಒಬ್ಬಳೇ ಎದ್ದಿದ್ದಾಳೆ. ಬೆಳಿಗ್ಗೆ ನೋಡಿದರೆ ಹಾಸಿಗೆಯಿಂದ ಬಚ್ಚಲವರೆಗೆ ಸುಣ್ಣದ ಗೋಡೆಯ ಮೇಲೆ ಅವಳ ಅಂಗೈ ಗುರುತು.

ಕಾರು ತಗೊಂಡು ಹೋಗುವಾಗ ನನಗೆ ಒಂದು ಚೀಟಿಯನ್ನೂ ಕೊಡಲಿಲ್ಲ. ಯಾವ ಸೆಕ್ಷನ್, ಯಾಕೆ ಹಿಡಿದರು, ಒಳಗೆ ಏನೇನಿತ್ತು, ಯಾವುದೂ ಬರವಣಿಗೆಯಲ್ಲಿಲ್ಲ. ಸಂಜೆ ಠಾಣೆಗೆ ಹೋದರೆ "ಕಂಪನಿಯಿಂದ ಲೆಟರ್ ತನ್ನಿ" ಅಂದರು. ಎರಡನೇ ಶನಿವಾರ, ವಿಮಾ ಕಂಪನಿಯ ಆಫೀಸಿಗೆ ಬೀಗ. ಮಾರನೇ ದಿನ ಭಾನುವಾರ. ಸೋಮವಾರ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತು, ಥರ್ಡ್ ಪಾರ್ಟಿ ವಿಮೆ ಚಾಲ್ತಿಯಲ್ಲಿದೆ ಎಂದು ಸಹಿ, ಸೀಲು ಹಾಕಿಸಿಕೊಂಡು ಬಂದೆ. ಠಾಣೆಯ ರೈಟರ್ ಓದಿದರು. ಅವರಿಗೆ ಅರ್ಥವಾಯಿತು, ಮುಖ ನೋಡಿದರೇ ಗೊತ್ತಾಗುತ್ತಿತ್ತು. ಒಳ್ಳೆಯ ಮನುಷ್ಯ, ಕೂರಿಸಿ ನೀರು ಕೊಟ್ಟರು. "ಆದ್ರೆ ಕೇಸು ಆಗ್ಲೇ ಮೆಷಿನ್‌ಗೆ ಹೋಗಿದೆ, ನಾನು ತೆಗೆಯೋಕಾಗಲ್ಲ. 2,000 ಕಟ್ಟಿ ಗಾಡಿ ತಗೊಂಡು ಹೋಗಿ, ಇಲ್ಲಾಂದ್ರೆ ಕೋರ್ಟಲ್ಲಿ ಹೇಳ್ಕೊಳ್ಳಿ" ಅಂದರು.

ಕಟ್ಟಿದೆ. ಮಧ್ಯಾಹ್ನ 3ಕ್ಕೆ ಫಿಸಿಯೋಥೆರಪಿ ಇತ್ತು, ವಾಕರ್ ಬೇಕಿತ್ತು.

ನನ್ನ ತಕರಾರು ಬರೀ 2,000 ರೂಪಾಯಿಯದಲ್ಲ. ಮೋಟಾರು ವಾಹನ ಕಾಯ್ದೆಯ 196ನೇ ಸೆಕ್ಷನ್ ಪ್ರಕಾರ ವಿಮೆ ಇಲ್ಲದೆ ಗಾಡಿ ಓಡಿಸಿದರೆ ಮೊದಲ ಸಲ 2,000, ಮತ್ತೆ ಸಿಕ್ಕಿಬಿದ್ದರೆ 4,000 ದಂಡ. 3 ತಿಂಗಳವರೆಗೆ ಜೈಲೂ ಹಾಕಬಹುದು. ದಂಡ ಕಟ್ಟಿದೆ ಅಂದರೆ ತಪ್ಪು ಒಪ್ಪಿಕೊಂಡೆ ಅಂತ ಆಯಿತು ಅಲ್ವಾ? ಮಾಡದ ತಪ್ಪು ಈಗ ನನ್ನ ಹೆಸರಿನಲ್ಲಿ ದಾಖಲಾಗಿದೆ. 2026ರ ಆಗಸ್ಟ್‌ವರೆಗೆ ಯಾವ ಸರ್ಕಲ್‌ನಲ್ಲಿ ಯಾರು ನಿಲ್ಲಿಸಿದರೂ ಮೆಷಿನ್ ಇದೇ ತಾರೀಖು ತೋರಿಸುತ್ತದೆ. ಆಗ ಏನು ಮಾಡಲಿ?

ಕಾಯ್ದೆಯನ್ನು ನಾನೇ ಓದಿ ನೋಡಿದೆ. ಗಾಡಿ ಹಿಡಿದಿಟ್ಟುಕೊಳ್ಳುವ ಅಧಿಕಾರ ಇರುವುದು 207ನೇ ಸೆಕ್ಷನ್‌ನಲ್ಲಿ. ಅಲ್ಲಿ ಹೇಳಿರುವುದು ಲೈಸೆನ್ಸ್ ಇಲ್ಲದೆ ಓಡಿಸುವುದು, ವಯಸ್ಸಾಗದವರು ಓಡಿಸುವುದು, ರಿಜಿಸ್ಟ್ರೇಷನ್ ಇಲ್ಲದ ಗಾಡಿ, ಪರ್ಮಿಟ್ ಇಲ್ಲದ ಗಾಡಿ. ವಿಮೆಯ ಮಾತು ಅಲ್ಲಿಲ್ಲ. ಇನ್ನು ಕೇಂದ್ರ ಮೋಟಾರು ವಾಹನ ನಿಯಮ 139 ಇದೆ. ಕಾಗದವನ್ನು ಮೊಬೈಲಿನಲ್ಲಿ ತೋರಿಸಿದರೂ ಆಗುತ್ತದೆ, ಕೈಯಲ್ಲಿ ಇಲ್ಲದಿದ್ದರೆ 15 ದಿನದೊಳಗೆ ತಲುಪಿಸಬಹುದು ಎನ್ನುತ್ತದೆ ಅದು. ಕಾಗದವೇ ಇಲ್ಲದವನಿಗೆ 15 ದಿನ ಇದೆ. ಕಾಗದ ಹಿಡಿದು ನಿಂತಿದ್ದ ನನಗೆ 15 ನಿಮಿಷವೂ ಸಿಗಲಿಲ್ಲ.

ವಿಮೆ ಇಲ್ಲದವರನ್ನು ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ನಮ್ಮ ಬೀದಿಗೆ ಹಾಲು ಹಾಕುತ್ತಿದ್ದ ಹುಡುಗನಿಗೆ ವಿಮೆ ಇಲ್ಲದ ಬೈಕು ಗುದ್ದಿ ಕಾಲು ಹೋಯಿತು. ಗುದ್ದಿದವನ ಹತ್ತಿರ ಕೊಡಲು ಏನೂ ಇರಲಿಲ್ಲ. ಅದಕ್ಕೇ ಹೇಳುವುದು, ಅಂಥವರನ್ನು ಹಿಡಿಯಿರಿ, ಗಟ್ಟಿಯಾಗಿ ಹಿಡಿಯಿರಿ. ಆದರೆ ನೋಡಬೇಕಾದ ತಾರೀಖನ್ನು ನೋಡಿ ಹಿಡಿಯಿರಿ.

ತಪ್ಪು ಯಾರಿಂದಲೂ ಆಗುತ್ತದೆ, ನನ್ನಿಂದಲೂ ಆಗಿದೆ. ಸರ್ವಿಸಿಗೆ ಸೇರಿದ ಹೊಸದರಲ್ಲಿ ಒಂದು ಮಳೆಗಾಲ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳ ಪಾಸು ನೆನೆದು ನಂಬರಿನ ಇಂಕು ಹರಡಿತ್ತು. ಗುರುತಿನ ಕಾರ್ಡಿನ ನಂಬರಿಗೆ ಹೊಂದುವುದಿಲ್ಲ ಅಂತ ಅವಳನ್ನು ನಡುವೆಯೇ ಇಳಿಸಿದೆ. ಮಾರನೇ ದಿನ ಅವರಪ್ಪ ಪಾಸು ಒಣಗಿಸಿ ತಂದರು. ಬೆಳಕಿಗೆ ಹಿಡಿದು ನೋಡಿದರೆ ನಾನು 8 ಅಂದುಕೊಂಡದ್ದು 3. ನಂಬರ್ ಸರಿಯಾಗಿಯೇ ಇತ್ತು. ಅದೇ ಬಸ್ಸಿನಲ್ಲಿ, ಅದೇ ಜನರ ಎದುರಿಗೆ ಆ ಹುಡುಗಿಗೆ "ನಂದೇ ತಪ್ಪಮ್ಮ" ಅಂದೆ. ಆಮೇಲೆ 28 ವರ್ಷ ಯಾರ ಪಾಸನ್ನೂ ಎರಡು ಸಲ ಓದದೆ ಯಾರನ್ನೂ ಇಳಿಸಲಿಲ್ಲ.

ಸಂಚಾರ ಪೊಲೀಸ್ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟು. ಮೆಷಿನ್‌ನಲ್ಲಿ ಥರ್ಡ್ ಪಾರ್ಟಿಯ ತಾರೀಖು ಬೇರೆಯಾಗಿ ಕಾಣುವ ಹಾಗೆ ಮಾಡಿಸಿ. ಅಲ್ಲಿಯವರೆಗೆ, ಅನುಮಾನ ಬಂದರೆ ನೋಟಿಸ್ ಕೊಟ್ಟು ಕಳಿಸಿ, ಗಾಡಿ ಹಿಡಿಯಬೇಡಿ. ಹಿಡಿಯಲೇಬೇಕಾಗಿ ಬಂದರೆ ಕಾರಣ ಬರೆದ ಚೀಟಿ ಕೊಡಿ, ಒಳಗಿನ ಸಾಮಾನು ತೆಗೆದುಕೊಳ್ಳಲು ಎರಡು ನಿಮಿಷ ಬಿಡಿ. ನನ್ನ ಕೇಸನ್ನು ದಾಖಲೆಯಿಂದ ತೆಗೆದು, ಅಂದು ವಿಮೆ ಚಾಲ್ತಿಯಲ್ಲಿತ್ತು ಎಂದು ಒಂದು ಸಾಲು ಬರೆದು ಕೊಡಿ.

ಪಾಲಿಸಿಯ ಪ್ರತಿ, ಕಂಪನಿಯ ಪತ್ರ, ದಂಡದ ರಸೀದಿ ಮೂರನ್ನೂ ಸೇರಿಸಿ ಹಿರಿಯ ಅಧಿಕಾರಿಗಳಿಗೆ ಸ್ಪೀಡ್ ಪೋಸ್ಟ್ ಮಾಡಿದ್ದೇನೆ. ತಲುಪಿದೆ ಅಂತ ಗೊತ್ತಾಗಿದೆ. ಉತ್ತರ ಇನ್ನೂ ಬಂದಿಲ್ಲ. ಕೆಳಗಿನ ಸಾಲಿಗೆ ಹಳದಿ ಬಣ್ಣ ಬಳಿದು ಪಾಲಿಸಿಯ ಇನ್ನೊಂದು ಪ್ರತಿಯನ್ನು ಕಾರಿನಲ್ಲಿ ಇಟ್ಟಿದ್ದೇನೆ. ವಾಕರ್ ಈಗ ಡಿಕ್ಕಿಯಲ್ಲಿ ಇಡುವುದಿಲ್ಲ, ಹಿಂದಿನ ಸೀಟಿನಲ್ಲಿ ಅವಳ ಪಕ್ಕದಲ್ಲೇ ಇರುತ್ತದೆ.

— ಒಬ್ಬ ನಿವೃತ್ತ ಕಂಡಕ್ಟರ್, ಶ್ರೀನಗರ, ಬೆಂಗಳೂರು