ಸಂಗ್ರಾಹಕರ ಹೆಸರೂ ಅಚ್ಚಾಗಲಿ

ಮಾನ್ಯ ಸಂಪಾದಕರೇ,

ಲಿಂಕ್ಸ್ ಎಂಬ ಕಾಡುಬೆಕ್ಕಿನ ಉಗುರುಗಳನ್ನು ಕೈಕಾಲಿಗೆ ಕಟ್ಟಿಕೊಂಡು ಗಾಜಿನ ಬೆಟ್ಟ ಹತ್ತುವ ಹುಡುಗ, ಅರ್ಧದಾರಿಯಲ್ಲಿ ಸೋತು ಮಲಗಿದಾಗ ಮೇಲೆರಗಿದ ಹದ್ದಿನ ಕಾಲುಗಳನ್ನೇ ಹಿಡಿದು ತುದಿ ಸೇರಿ, ಚಿನ್ನದ ಸೇಬಿನ ಸಿಪ್ಪೆಯಿಂದ ಗಾಯ ಮಾಯಿಸಿಕೊಳ್ಳುವ ಕಥೆ ಪೋಲೆಂಡಿನದು. ಪೋಲಿಷ್ ಸಂಗ್ರಾಹಕ ವುಯ್ಚಿತ್ಸ್ಕಿ ಅವರು 1837ರಲ್ಲಿ ಪ್ರಕಟಿಸಿದ ಜನಪದ ಕಥಾಸಂಗ್ರಹದಲ್ಲಿರುವ ಇದು ಜರ್ಮನ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದು, 1894ರಲ್ಲಿ ಸ್ಕಾಟಿಷ್ ಲೇಖಕ ಆಂಡ್ರ್ಯೂ ಲ್ಯಾಂಗ್ ಅವರ ‘ದಿ ಯೆಲ್ಲೋ ಫೇರಿ ಬುಕ್’ ಎಂಬ ಕಥಾಸಂಪುಟ ಸೇರಿ ಲೋಕಪ್ರಸಿದ್ಧವಾಯಿತು. ಅಲ್ಲಿ ಪೋಲಿಷ್ ಮೂಲದ ಉಲ್ಲೇಖವೂ ಜರ್ಮನ್ ಸಂಪಾದಕ ಕ್ಲೆಟ್ಕೆಯ ಹೆಸರೂ ಇವೆ. ಮೊದಲ ಸಂಗ್ರಾಹಕರ ಹೆಸರು ಮಾತ್ರ ಇಲ್ಲ. ಜನರ ಬಾಯಿಂದ ಕಥೆಯನ್ನು ಬರಹಕ್ಕಿಳಿಸಿದವರಿಗೆ ಇದು ಅನ್ಯಾಯವೆಂದೇ ನನ್ನ ಭಾವನೆ. ಇಂಥ ಕಥೆಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವವರು ಮೂಲ ಭಾಷೆ, ಸಂಗ್ರಾಹಕರು, ನಡುವಿನ ಅನುವಾದಗಳ ವಿವರವನ್ನು ಪುಸ್ತಕದಲ್ಲೇ ಕೊಡಬೇಕೆಂದು ವಿನಂತಿಸುತ್ತೇನೆ.

— ಓದುಗ, ಮೈಸೂರು